ಅರ್ಕಾವತಿಯ ಕಣಿವೆ ಮತ್ತು ಲಿಥಿಯಂ ವಿದ್ಯುತ್ಕೋಶ: ಕೈಗಾರಿಕಾ ಚರಿತ್ರೆಯ ಒಂದು ವಿಚಾರಣೆ

ಕೈಗಾರಿಕೆಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಉತ್ಪನ್ನದ ಕಡೆಗೆ ನೋಡಿದ್ದಾರೆಯೇ ಹೊರತು ಉಳಿಕೆಯ ಕಡೆಗೆ ನೋಡಿಲ್ಲ. ರೇಷ್ಮೆಯ ಚರಿತ್ರೆ ಸೀರೆಯಲ್ಲಿ ಮುಗಿಯುತ್ತದೆ. ಚಿನ್ನದ ಚರಿತ್ರೆ ಗಟ್ಟಿಯಲ್ಲಿ ಮುಗಿಯುತ್ತದೆ. ಗೂಡು ಬೇಯಿಸಿದ ನೀರು ಎಲ್ಲಿಗೆ ಹರಿಯಿತು, ಕೋಲಾರದ ಗಣಿಗಳ ಬಳಿ ಇಂದಿಗೂ ನಿಂತಿರುವ ಸಯನೈಡು ಮಣ್ಣಿನ ಗುಡ್ಡಗಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬ ಪ್ರಶ್ನೆಗಳು ಅಡಿಟಿಪ್ಪಣಿಗೂ ಏರುವುದಿಲ್ಲ. ಲಿಥಿಯಂ ಅಯಾನಿನ ಬ್ಯಾಟರಿಯ ವಿಷಯದಲ್ಲಿ ಹಾಗೆ ಬರೆಯುವುದಕ್ಕೆ ಆಗದು. ಏಕೆಂದರೆ ಈ ವಸ್ತುವು ಲೋಕಕ್ಕೆ ಪ್ರಿಯವಾಗಿರುವುದೇ ಅದು ಹೊಗೆಯನ್ನು ತಪ್ಪಿಸುತ್ತದೆ ಎಂಬ ಕಾರಣದಿಂದ. ರಸ್ತೆಯಲ್ಲಿ ತಪ್ಪಿದ ಹೊಗೆ ಕಾರ್ಖಾನೆಯ ಹಿತ್ತಲಿನಲ್ಲಿ ಬೇರೆ ರೂಪದಿಂದ ಕಾಣಿಸಿಕೊಂಡರೆ ಲಾಭವೇನು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಹಿತ್ತಲಿನಲ್ಲಿ ವಾಸಮಾಡುವವರಿಗಂತೂ ಹೆಚ್ಚಾಗಿ ಇದೆ.

ಕೈಲಾಂಚವು ರಾಮನಗರ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲೊಂದು; ಉಳಿದವು ಕಸಬಾ, ಬಿಡದಿ ಮತ್ತು ಕೂಟಗಲ್. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿದ ಈ ಸೀಮೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲಾಯಿತು. ಹೆಸರಿನ ಈ ಬದಲಾವಣೆಯೇ ಪಟ್ಟಣದ ಕೈ ಎಷ್ಟು ದೂರ ಚಾಚಿದೆ ಎಂಬುದನ್ನು ತಿಳಿಸುತ್ತದೆ. ಹಿಪ್ಪುನೇರಳೆ, ಮಾವು, ರಾಗಿ ಇವು ಈ ನೆಲದ ಬೆಳೆಗಳು. ಅದೇ ತಾಲ್ಲೂಕಿನ ಬಿಡದಿಯಲ್ಲಿ ಮೋಟಾರು ವಾಹನಗಳ ದೊಡ್ಡ ಕಾರ್ಖಾನೆಯಿದೆ. ಮೈಸೂರು ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಹೋದರೆ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಲಿಥಿಯಂ ಅದಿರು ದೊರೆತ ಮರಳಗಾಲ, ಅಲ್ಲಾಪಟ್ಟಣಗಳಿವೆ. ಅದಿರಿಗೂ ವಾಹನಕ್ಕೂ ನಡುವೆ ಇರುವ ಈ ಸೀಮೆಯಲ್ಲಿ ಇದುವರೆಗೆ ವಿದ್ಯುತ್ಕೋಶದ ಕಾರ್ಖಾನೆ ಬಂದಿಲ್ಲ. ಬರುವ ಮೊದಲೇ ವಿಚಾರಮಾಡುವುದಕ್ಕೆ ಅದೇ ತಕ್ಕ ಕಾರಣ. ಅದಕ್ಕೆ ಬೇಕಾದ ಸಾಮಗ್ರಿಯೂ ಈ ನೆಲದ ಹಳೆಯ ಕೈಗಾರಿಕೆಯಲ್ಲಿಯೇ ಇದೆಯೆಂದು ತೋರಿಸುವುದು ಈ ಲೇಖನದ ಉದ್ದೇಶ.

ರೇಷ್ಮೆಯು ಈ ನಾಡಿನಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ, ಅಂದರೆ 18ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಜಾಶ್ರಯದಿಂದ ನೆಲೆಗೊಂಡಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸರ್ಕಾರವು ಇಟಲಿಯ ತಜ್ಞನಾದ ವಾಷಿಂಗ್ಟನ್ ಮಾರಿಯನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವನ್ನು ಸ್ಥಾಪಿಸಿತು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯದಲ್ಲೇ ದೊಡ್ಡದೆಂಬ ಕೀರ್ತಿ ಪಡೆದುದು ಎಲ್ಲರಿಗೂ ತಿಳಿದ ವಿಷಯ. ಇವುಗಳನ್ನು ವಿಸ್ತರಿಸುವ ಅಗತ್ಯ ಇಲ್ಲಿಲ್ಲ. ನಮಗೆ ಬೇಕಾದುದು ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಸಂಗತಿ.

ಗೂಡಿನಿಂದ ನೂಲು ಬಿಚ್ಚುವಾಗ ರೇಷ್ಮೆಯೆಲ್ಲವೂ ನೂಲಾಗುವುದಿಲ್ಲ. ಎಳೆಯ ತುದಿ ಸಿಕ್ಕುವವರೆಗೆ ಗೂಡಿನ ಹೊರಮೈಯಿಂದ ಸಿಕ್ಕುಸಿಕ್ಕಾಗಿ ಬರುವ ಭಾಗ, ತೂತಾದ ಗೂಡು, ಜೋಡಿ ಗೂಡು, ಕೊನೆಯಲ್ಲಿ ಹುಳುವಿನ ಮೈಗೆ ಅಂಟಿಕೊಂಡು ಉಳಿಯುವ ತೆಳು ಪೊರೆ, ಇವೆಲ್ಲ ಬಿಚ್ಚಣಿಕೆಗೆ ಒದಗದ ವಸ್ತುಗಳು. 1930ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಆರಂಭವಾದ ಸ್ಪನ್ ಸಿಲ್ಕ್ ಗಿರಣಿಯು ಈ ತ್ಯಾಜ್ಯ ರೇಷ್ಮೆಯನ್ನೇ ಕಚ್ಚಾವಸ್ತುವಾಗಿ ತೆಗೆದುಕೊಂಡು, ಅಂಟನ್ನು ಕಳೆದು, ಬಾಚಿ, ಹತ್ತಿಯಂತೆ ನೂತು ಬಟ್ಟೆಗೆ ತಕ್ಕ ನೂಲನ್ನು ಮಾಡುತ್ತಿದ್ದಿತು. ಮುಂದೆ ಇದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ಗೂಡಿನೊಳಗಿನ ಹುಳುವೂ ವ್ಯರ್ಥವಾಗುತ್ತಿರಲಿಲ್ಲ; ಎಣ್ಣೆಗೂ ಕೋಳಿ ಮೀನುಗಳ ಮೇವಿಗೂ ಅದು ವಿನಿಯೋಗವಾಯಿತು. ಒಂದು ಕೈಗಾರಿಕೆಯ ಕಸ ಮತ್ತೊಂದಕ್ಕೆ ಆಹಾರವಾಗಬೇಕೆಂದು ಇಂದಿನ ಅರ್ಥಶಾಸ್ತ್ರಜ್ಞರು ಹೊಸ ಹೆಸರುಗಳನ್ನಿಟ್ಟು ಪ್ರತಿಪಾದಿಸುವ ತತ್ತ್ವವನ್ನು ಚನ್ನಪಟ್ಟಣದ ವ್ಯಾಪಾರಿಗಳು ಯಾವ ಹೆಸರನ್ನೂ ಇಡದೆ ನಡೆಸಿಕೊಂಡು ಬಂದಿದ್ದರು. ಇದಕ್ಕೆ ಕಾರಣ ಧರ್ಮಬುದ್ಧಿಯಲ್ಲ ಎಂಬುದನ್ನೂ ಹೇಳಬೇಕು. ತ್ಯಾಜ್ಯ ರೇಷ್ಮೆಗೆ ಬೆಲೆಯಿತ್ತು. ಆದುದರಿಂದ ಅದು ಹಿಂದಿರುಗಿತು.

ಬೆಲೆಯಿಲ್ಲದುದು ಹಿಂದಿರುಗಲಿಲ್ಲ. ಗೂಡು ಬೇಯಿಸಿದ ನೀರಿಗೆ ಕೊಳ್ಳುವವರಿರಲಿಲ್ಲವಾಗಿ ಅದು ಚರಂಡಿಯ ಮೂಲಕ ಅರ್ಕಾವತಿಗೆ ಸೇರಿತು. ಒಲೆಗಳಿಗೆ ಬೇಕಾದ ಸೌದೆಯೂ ಬಹಳ ಕಾಲ ಲೆಕ್ಕಕ್ಕೆ ಬಾರದ ವಸ್ತುವಾಗಿತ್ತು. ಸೌದೆಗೆ ಬೆಲೆ ಏರಿದಮೇಲೆಯೇ ಬಿಚ್ಚಣಿಕೆಯ ಒಲೆಗಳ ಸುಧಾರಣೆಯ ಮಾತು ಹುಟ್ಟಿತು. 1990ರ ದಶಕದಲ್ಲಿ ಟೆರಿ ಎಂಬ ಸಂಶೋಧನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ನೆರವಿನಿಂದ ಸೌದೆಯನ್ನು ಅನಿಲವಾಗಿಸಿ ಉರಿಸುವ ಒಲೆಗಳನ್ನು ರಾಮನಗರದ ಬಿಚ್ಚಣಿಕೆದಾರರಲ್ಲಿ ಪ್ರಯೋಗಿಸಿದರು. ಸೌದೆಯೂ ಉಳಿಯಿತು, ಹೊಗೆಯೂ ತಗ್ಗಿತು. ನೀರಿನ ವಿಷಯದಲ್ಲಿ ಅಂತಹ ಪ್ರಯತ್ನ ಅಷ್ಟು ಬೇಗ ಬರಲಿಲ್ಲ.

ನೀರಿನ ಚರಿತ್ರೆಯೆಂದರೆ ಈ ಸೀಮೆಯಲ್ಲಿ ಎರಡು ಹೊಳೆಗಳ ಚರಿತ್ರೆ. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಗೆ ಹೆಸರಘಟ್ಟದಲ್ಲಿ 1894ರಲ್ಲಿಯೂ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿಯೂ ಬೆಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟೆ ಕಟ್ಟಲಾಯಿತು. ಒಳ್ಳೆಯ ನೀರು ಹೀಗೆ ಪಟ್ಟಣಕ್ಕೆ ಹೋಯಿತು. ಪಟ್ಟಣ ಬಳಸಿ ಬಿಟ್ಟ ನೀರು ವೃಷಭಾವತಿಯ ಪಾತ್ರದಲ್ಲಿ ಕೆಳಗೆ ಬಂದಿತು. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿದುದೆಂದು ಜನರು ಭಕ್ತಿಯಿಂದ ಹೇಳುವ ಈ ಹೊಳೆಗೆ ಬಿಡದಿಯ ಬಳಿ 1940ರ ದಶಕದಲ್ಲಿ ಬೈರಮಂಗಲದ ಕೆರೆಯನ್ನು ಕಟ್ಟಿದಾಗ ಅದರ ನೀರು ಬತ್ತಕ್ಕೂ ಕಬ್ಬಿಗೂ ಯೋಗ್ಯವಾಗಿತ್ತು. ಮುಂದಿನ ದಶಕಗಳಲ್ಲಿ ಮೈಸೂರು ರಸ್ತೆಯ ಉದ್ದಕ್ಕೂ ಕಾರ್ಖಾನೆಗಳು ಬೆಳೆದುವು, ಪಟ್ಟಣದ ಕೊಳಚೆ ಹಲವು ಮಡಿಯಾಯಿತು, ಕೆರೆಯ ಕೋಡಿಯಲ್ಲಿ ನೊರೆ ಎದ್ದಿತು. ರೈತರು ಬತ್ತವನ್ನು ಬಿಟ್ಟು ಮೇವಿನ ಹುಲ್ಲು, ಎಳೆಯ ಮುಸುಕಿನ ಜೋಳಗಳಿಗೆ ತಿರುಗಿದರು. ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದ ಮಾರ್ಗವಾಗಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಯಾವ ಒಂದು ಕಾರ್ಖಾನೆಯೂ ಈ ಹೊಳೆಯನ್ನು ಕೆಡಿಸಲಿಲ್ಲ. ಎಲ್ಲವೂ ಸ್ವಲ್ಪ ಸ್ವಲ್ಪವಾಗಿ ಕೆಡಿಸಿದುವು. ಆದುದರಿಂದಲೇ ಯಾರನ್ನೂ ಹೊಣೆಮಾಡುವುದು ಸಾಧ್ಯವಾಗಲಿಲ್ಲ. ಹೊಸ ಕೈಗಾರಿಕೆಯನ್ನು ಸ್ವಾಗತಿಸುವವರು ಈ ಕೆರೆಯ ಏರಿಯ ಮೇಲೆ ಒಂದು ಗಳಿಗೆ ನಿಂತು ಬಂದರೆ ಅವರ ಭಾಷಣಗಳು ಕೊಂಚ ಚಿಕ್ಕದಾದಾವು.

ಇನ್ನು ಬ್ಯಾಟರಿಯ ವಿಷಯ. ಲಿಥಿಯಂ ಬರುವುದಕ್ಕೆ ಮುಂಚೆ ನಮ್ಮಲ್ಲಿ ಬ್ಯಾಟರಿಯೆಂದರೆ ಸೀಸ ಮತ್ತು ಗಂಧಕಾಮ್ಲದ ಸಂಚಾಯಕವೇ ಆಗಿದ್ದಿತು. ಸೀಸಕ್ಕೆ ಬೆಲೆಯಿದೆ, ಅದನ್ನು ಕರಗಿಸುವುದಕ್ಕೆ ದೊಡ್ಡ ಕುಲುಮೆ ಬೇಡ. ಹಾಗಾಗಿ ಹಳೆಯ ಸೀಸದ ಬ್ಯಾಟರಿ ತ್ಯಾಜ್ಯ ರೇಷ್ಮೆಯಂತೆಯೇ ಬಹುಪಾಲು ಹಿಂದಿರುಗುತ್ತಿದ್ದಿತು. ಆದರೆ ಹಿಂದಿರುಗಿದ್ದು ಎಲ್ಲಿಗೆ? ಗಲ್ಲಿಯ ಕುಲುಮೆಗೆ, ಹಿತ್ತಲಿನ ಒಲೆಗೆ. ಆಮ್ಲವನ್ನು ನೆಲಕ್ಕೆ ಚೆಲ್ಲಿ, ತಗಡನ್ನು ಬಾಣಲೆಯಲ್ಲಿ ಕರಗಿಸುವ ಕೆಲಸದಲ್ಲಿ ಸೀಸದ ಧೂಳು ಕೆಲಸಗಾರನ ರಕ್ತಕ್ಕೂ ಅವನ ಮಕ್ಕಳ ರಕ್ತಕ್ಕೂ ಸೇರಿತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ನಿವಾರಣೆಯನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ದೇಶದ ದೊಡ್ಡ ನಗರಗಳಲ್ಲಿ ಜಾರ್ಜ್ ಫೌಂಡೇಶನ್ನಿನವರು ನಡೆಸಿದ್ದ ರಕ್ತಪರೀಕ್ಷೆಯ ಫಲಗಳು ಅಲ್ಲಿ ಚರ್ಚೆಗೆ ಬಂದುವು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರ ನೇತೃತ್ವದಲ್ಲಿ ಸೀಸವಿಷದ ರಾಷ್ಟ್ರೀಯ ಪರಾಮರ್ಶನ ಕೇಂದ್ರ ಏರ್ಪಟ್ಟಿತು. 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದರು; 2001ರಲ್ಲಿ ಹಳೆಯ ಸೀಸದ ಬ್ಯಾಟರಿಗಳನ್ನು ಮಾರಾಟಗಾರರೇ ಹಿಂದಕ್ಕೆ ಪಡೆಯಬೇಕೆಂಬ ನಿಯಮಗಳು ಬಂದುವು. ವಸ್ತು ಹಿಂದಿರುಗುವುದು ಒಂದು ಗುಣ, ಕೇಡಿಲ್ಲದೆ ಹಿಂದಿರುಗುವುದು ಇನ್ನೊಂದು ಗುಣ. ಮೊದಲನೆಯದನ್ನು ಬೆಲೆಯೇ ಸಾಧಿಸಿಕೊಡಬಲ್ಲದು. ಎರಡನೆಯದನ್ನು ಬೆಲೆ ಸಾಧಿಸಿಕೊಟ್ಟ ನಿದರ್ಶನ ನಮ್ಮ ಸೀಸದ ಚರಿತ್ರೆಯಲ್ಲಿಲ್ಲ.

ಬೆಂಗಳೂರಿನ ಮೊದಲ ವಿದ್ಯುತ್ ಕಾರು ಈ ಸೀಸದಿಂದಲೇ ಓಡಿತು. 1994ರಲ್ಲಿ ಸ್ಥಾಪನೆಯಾದ ರೇವಾ ಸಂಸ್ಥೆ 2001ರಲ್ಲಿ ಮಾರುಕಟ್ಟೆಗೆ ತಂದ ಪುಟ್ಟ ಕಾರಿನಲ್ಲಿ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದುವು. ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿದುದೂ ಇದೇ. 2009ರಲ್ಲಿ ಅದರ ಲಿಥಿಯಂ ಅಯಾನ್ ರೂಪ ಹೊರಟಿತು. ಮರುವರ್ಷ ಮಹೀಂದ್ರ ಸಂಸ್ಥೆ ರೇವಾವನ್ನು ವಶಪಡಿಸಿಕೊಂಡಿತು. ಕರ್ನಾಟಕದ ಮಟ್ಟಿಗೆ ಸೀಸದಿಂದ ಲಿಥಿಯಂಗೆ ದಾಟಿದ ಕಾಲವನ್ನು 2009 ಎಂದು ಗುರುತಿಸುವುದು ತಪ್ಪಾಗಲಾರದು. 2013ರಲ್ಲಿ ಆರಂಭವಾದ ಏಥರ್ ಮೊದಲಾದ ಸ್ಕೂಟರು ತಯಾರಕರು ಹೊಸ ಕೋಶವನ್ನೇ ಆಧಾರವಾಗಿ ಮಾಡಿಕೊಂಡು ಹುಟ್ಟಿದವರು.

ಹೊಸ ಕೋಶದ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬಹುದು. 1970ರ ದಶಕದಲ್ಲಿ ಅಮೆರಿಕದ ಎಕ್ಸಾನ್ ತೈಲ ಸಂಸ್ಥೆಯಲ್ಲಿದ್ದ ವಿಟಿಂಗ್‌ಹ್ಯಾಮ್, 1980ರಲ್ಲಿ ಆಕ್ಸ್‌ಫರ್ಡಿನ ಗುಡ್‌ಇನಫ್, 1985ರಲ್ಲಿ ಜಪಾನಿನ ಯೋಷಿನೊ ಇವರ ಕೆಲಸವನ್ನು ಜೋಡಿಸಿ 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ಬಂದಿತು. 2019ರಲ್ಲಿ ಆ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಗುಡ್‌ಇನಫ್ ಅವರ ಕೋಶಕ್ಕೆ ಕೋಬಾಲ್ಟು ಬೇಕಾಗಿತ್ತು. ಅದರ ಬಹುಭಾಗ ಕಾಂಗೋ ದೇಶದಿಂದ ಬರುವುದು, ಅಲ್ಲಿಯ ಕೈಗಣಿಗಳಲ್ಲಿ ಮಕ್ಕಳೂ ದುಡಿಯುವುದು ಲೋಕಕ್ಕೆ ತಿಳಿದ ಕಳಂಕ. 1997ರಲ್ಲಿ ಪಾಢಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಸೇರಿ ಪ್ರಕಟಿಸಿದ ಲೇಖನವೊಂದು ಕೋಬಾಲ್ಟಿನ ಬದಲು ಕಬ್ಬಿಣದ ಫಾಸ್ಫೇಟು ಆ ಸ್ಥಾನವನ್ನು ತುಂಬಬಲ್ಲದೆಂದು ತೋರಿಸಿತು. ಇಂದು ಬಸ್ಸು, ಆಟೋರಿಕ್ಷಾ, ಅಗ್ಗದ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಕಬ್ಬಿಣದ ಕೋಶವೇ.

ಬಿಡದಿಯಲ್ಲಿ 1999ರ ಕೊನೆಯಲ್ಲಿ ಕ್ವಾಲಿಸ್ ವಾಹನದಿಂದ ಉತ್ಪಾದನೆಯನ್ನು ಆರಂಭಿಸಿದ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ 2013ರಲ್ಲಿ ಪೆಟ್ರೋಲು ಮತ್ತು ವಿದ್ಯುತ್ತು ಎರಡನ್ನೂ ಬಳಸುವ ಕ್ಯಾಮ್ರಿ ಕಾರನ್ನು ಜೋಡಿಸತೊಡಗಿತು. ಅದರ ಬ್ಯಾಟರಿ ನಿಕ್ಕಲ್ ಲೋಹದ ಹೈಡ್ರೈಡಿನದು. 2022ರಲ್ಲಿ ಅಲ್ಲಿಂದ ಹೊರಟ ಹೈರೈಡರ್ ವಾಹನದಲ್ಲಿ ಲಿಥಿಯಂ ಅಯಾನಿನ ಬ್ಯಾಟರಿ ಬಂದಿತು, ಗಾತ್ರ 0.76 ಕಿಲೋವ್ಯಾಟ್-ಗಂಟೆ ಮಾತ್ರ, ಒಂದು ಸ್ಕೂಟರಿನದಕ್ಕಿಂತಲೂ ಚಿಕ್ಕದು. ಬಿಡದಿಯಲ್ಲಿ ಆಗುವುದು ವಾಹನದ ತಯಾರಿಕೆ. ಕೋಶದ ತಯಾರಿಕೆ ಬೇರೆ ಕಡೆಯದು. ಈ ಭೇದವನ್ನು ವೃತ್ತಪತ್ರಿಕೆಗಳು ಆಗಾಗ ಮರೆಯುತ್ತವೆ. ವಾಹನವನ್ನು ಜೋಡಿಸುವುದು, ಕೋಶಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುವುದು, ಕೋಶವನ್ನೇ ಮಾಡುವುದು, ಕೋಶದೊಳಗಿನ ಪುಡಿಯನ್ನು ಮಾಡುವುದು, ಇವು ನಾಲ್ಕು ಬೇರೆ ಬೇರೆ ಕೈಗಾರಿಕೆಗಳು. ಮೊದಲ ಎರಡರಿಂದ ನೆಲಕ್ಕೂ ನೀರಿಗೂ ಆಗುವ ಭಾರ ಅಲ್ಪ. ಕೊನೆಯ ಎರಡರ ಕಥೆ ಬೇರೆ.

ಕೋಶವನ್ನು ಮಾಡುವ ಬಗೆ ಸ್ಥೂಲವಾಗಿ ಹೀಗೆ: ಧನ ವಿದ್ಯುದ್ವಾರಕ್ಕಾಗಿ ಲಿಥಿಯಂ ಇರುವ ಸಂಯುಕ್ತದ ಪುಡಿ, ಇಂಗಾಲದ ಮಸಿ ಮತ್ತು ಫ್ಲೂರಿನ್ ಇರುವ ಒಂದು ಅಂಟು, ಇವನ್ನು ಎನ್-ಮೀಥೈಲ್ ಪಿರೋಲಿಡೋನ್ ಎಂಬ ದ್ರಾವಕದಲ್ಲಿ ಕಲಸಿ, ದೋಸೆಹಿಟ್ಟಿನ ಹದಕ್ಕೆ ತಂದು, ತೆಳುವಾದ ಅಲ್ಯುಮಿನಿಯಂ ಹಾಳೆಯ ಮೇಲೆ ಬಳಿಯುತ್ತಾರೆ. ಋಣ ವಿದ್ಯುದ್ವಾರಕ್ಕೆ ಗ್ರಾಫೈಟಿನ ಪುಡಿಯನ್ನು ತಾಮ್ರದ ಹಾಳೆಯ ಮೇಲೆ ಬಳಿಯುತ್ತಾರೆ. ಎರಡನ್ನೂ ಹತ್ತಾರು ಮೀಟರು ಉದ್ದದ ಒಲೆಗಳಲ್ಲಿ ಒಣಗಿಸಿ, ಉರುಳೆಗಳ ನಡುವೆ ಒತ್ತಿ, ಕತ್ತರಿಸಿ, ನಡುವೆ ರಂಧ್ರಮಯವಾದ ಪೊರೆಯನ್ನಿಟ್ಟು ಸುತ್ತುತ್ತಾರೆ ಅಥವಾ ಪೇರಿಸುತ್ತಾರೆ. ಆಮೇಲೆ ವಿದ್ಯುದ್ವಿಭಾಜ್ಯ ದ್ರವವನ್ನು ತುಂಬುವುದು. ಇದರಲ್ಲಿ ಕರಗಿರುವ ಲಿಥಿಯಂ ಹೆಕ್ಸಾಫ್ಲೂರೋಫಾಸ್ಫೇಟಿಗೆ ನೀರು ತಗುಲಿದರೆ ಹೈಡ್ರೋಫ್ಲೂರಿಕ್ ಆಮ್ಲ ಹುಟ್ಟುತ್ತದೆಯಾದುದರಿಂದ ಈ ಕೆಲಸವೆಲ್ಲ ಒಣಕೋಣೆಯಲ್ಲಿ ನಡೆಯಬೇಕು. ಅಲ್ಲಿಯ ಗಾಳಿಯ ಇಬ್ಬನಿಬಿಂದು ಸೊನ್ನೆಗಿಂತ 40 ಡಿಗ್ರಿಯಷ್ಟು ಕೆಳಗಿರುತ್ತದೆ. ನಮ್ಮ ಮಳೆಗಾಲದ ಗಾಳಿಯನ್ನು ಆ ಸ್ಥಿತಿಗೆ ತಂದು, ಹಗಲಿರುಳೂ ಹಾಗೆಯೇ ಇಡುವುದೆಂದರೆ ಸಾಮಾನ್ಯ ಖರ್ಚಲ್ಲ. ಕೊನೆಯಲ್ಲಿ ಪ್ರತಿಯೊಂದು ಕೋಶವನ್ನೂ ನಿಧಾನವಾಗಿ ಮೊದಲ ಬಾರಿಗೆ ತುಂಬಿ, ಬರಿದುಮಾಡಿ, ಕೆಲವು ದಿನ ಇಟ್ಟು ಪರೀಕ್ಷಿಸುತ್ತಾರೆ.

ಇಲ್ಲಿ ಭಾರ ಎಲ್ಲಿದೆ? ಮೊದಲನೆಯದಾಗಿ ದ್ರಾವಕದಲ್ಲಿ. ಇದು ಗರ್ಭಸ್ಥ ಶಿಶುವಿಗೆ ಹಾನಿಕರವೆಂದು ಯುರೋಪಿನ ದೇಶಗಳು ವರ್ಗೀಕರಿಸಿವೆ. 202 ಡಿಗ್ರಿಯಲ್ಲಿ ಕುದಿಯುವ ಇದನ್ನು ಆವಿಯಾಗಿಸುವುದಕ್ಕೆ ಶಾಖ ಬೇಕು. ಆವಿಯನ್ನು ಹೊರಗೆ ಬಿಡದೆ ತಣಿಸಿ ಹಿಡಿಯುವುದಕ್ಕೆ ಮತ್ತೆ ಶಕ್ತಿ ಬೇಕು. ಒಳ್ಳೆಯ ಕಾರ್ಖಾನೆಯಲ್ಲಿ ಬಹುಪಾಲು ದ್ರಾವಕ ಹೀಗೆ ಹಿಂದಿರುಗುತ್ತದೆ, ಅದಕ್ಕೆ ಬೆಲೆಯಿರುವುದರಿಂದ. ಗ್ರಾಫೈಟಿನ ಭಾಗಕ್ಕೆ ನೀರಿನಲ್ಲಿ ಕಲಸುವ ಅಂಟುಗಳು ಈಗಾಗಲೇ ರೂಢಿಗೆ ಬಂದಿವೆ. ಧನ ವಿದ್ಯುದ್ವಾರಕ್ಕೂ ಅವನ್ನು ಅಳವಡಿಸುವ ಪ್ರಯತ್ನವೂ, ದ್ರಾವಕವೇ ಇಲ್ಲದೆ ಒಣ ಪುಡಿಯನ್ನು ಹಾಳೆಗೆ ಒತ್ತುವ ಪ್ರಯತ್ನವೂ ಹಲವು ದೇಶಗಳಲ್ಲಿ ನಡೆದಿವೆ. ಈ ಕೊನೆಯದು ಕೈಗೂಡಿದರೆ ದ್ರಾವಕದೊಡನೆ ಒಲೆಯೂ ಹೋಗುವುದರಿಂದ ಇದನ್ನು ಎಲ್ಲಕ್ಕಿಂತ ಮುಖ್ಯವಾದ ಸುಧಾರಣೆಯೆಂದು ನಾವು ಎಣಿಸುತ್ತೇವೆ. ಎರಡನೆಯದಾಗಿ, ನಿಕ್ಕಲ್ ಮತ್ತು ಕೋಬಾಲ್ಟಿನ ಪುಡಿಯನ್ನು ಮಾಡುವಾಗ ಲೋಹದ ಸಲ್ಫೇಟುಗಳನ್ನು ಕ್ಷಾರದಿಂದ ಒತ್ತರಿಸಬೇಕಾಗಿದ್ದು, ಸೋಡಿಯಂ ಸಲ್ಫೇಟಿನ ಉಪ್ಪುನೀರು ದೊಡ್ಡ ಪ್ರಮಾಣದಲ್ಲಿ ಉಳಿಯುತ್ತದೆ. ಉಪ್ಪುನೀರನ್ನು ಕುದಿಸಿ ಉಪ್ಪನ್ನು ಬೇರ್ಪಡಿಸಬಹುದು. ಅದಕ್ಕೆ ಕೊಳ್ಳುವವರು ಮಾತ್ರ ಕಡಮೆ. ಗೂಡು ಬೇಯಿಸಿದ ನೀರಿನ ಕಥೆಯನ್ನು ಓದಿದವರಿಗೆ ಈ ಉಪ್ಪುನೀರು ಎಲ್ಲಿಗೆ ಹೋಗಲು ಬಯಸುತ್ತದೆ ಎಂಬುದು ಹೇಳದೆಯೇ ತಿಳಿಯುತ್ತದೆ.

ಶಕ್ತಿಯ ಲೆಕ್ಕವನ್ನು ಅಂಕಿಗಳಲ್ಲಿ ನೋಡಬಹುದು. ದೊಡ್ಡ ಕಾರ್ಖಾನೆಯಲ್ಲಿ ಒಂದು ಯೂನಿಟ್ಟು ವಿದ್ಯುತ್ತನ್ನು ಹಿಡಿಯಬಲ್ಲ ಕೋಶವನ್ನು ಮಾಡಲು 50 ಯೂನಿಟ್ಟಿನ ಆಸುಪಾಸು ಶಕ್ತಿ ವೆಚ್ಚವಾಗುತ್ತದೆ; ಇದರ ಹೆಚ್ಚು ಪಾಲು ಒಣಗಿಸುವ ಒಲೆಗೂ ಒಣಕೋಣೆಗೂ ಸಲ್ಲುತ್ತದೆ. ದೇವನಹಳ್ಳಿಯ ಬಳಿ ಎಕ್ಸೈಡ್ ಸಂಸ್ಥೆಯವರು 2022ರಲ್ಲಿ ಕೈಗೊಂಡ ಕೋಶದ ಕಾರ್ಖಾನೆಯ ಪೂರ್ಣ ಸಾಮರ್ಥ್ಯ ವರ್ಷಕ್ಕೆ 12 ಗಿಗಾವ್ಯಾಟ್-ಗಂಟೆ ಎಂದು ಯೋಜಿತವಾಗಿದೆ. ಈ ಪ್ರಮಾಣಕ್ಕೆ ವರ್ಷಕ್ಕೆ 60 ಕೋಟಿ ಯೂನಿಟ್ಟು ಬೇಕಾದೀತು. ಪಾವಗಡದ 2,050 ಮೆಗಾವ್ಯಾಟಿನ ಸೌರ ಉದ್ಯಾನ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಐದನೆಯ ಒಂದು ಪಾಲು ಉತ್ಪಾದಿಸುತ್ತದೆಂದು ಇಟ್ಟುಕೊಂಡರೆ ಅದರ ಆರನೆಯ ಒಂದು ಭಾಗ ಈ ಒಂದೇ ಕಾರ್ಖಾನೆಗೆ ಸಲ್ಲಬೇಕು. ಕಲ್ಲಿದ್ದಲಿನಿಂದ ಈ ಶಕ್ತಿಯನ್ನು ಪಡೆದರೆ ಕೋಶದ ಹೊಗೆಯ ಋಣ ತೀರುವುದಕ್ಕೆ ವಾಹನ ಬಹಳ ದೂರ ಓಡಬೇಕಾಗುತ್ತದೆ. ಗಾಳಿ ಬಿಸಿಲುಗಳಿಂದ ಪಡೆದರೆ ಬೇಗ ತೀರುತ್ತದೆ. ಈ ದೃಷ್ಟಿಯಿಂದ ಕರ್ನಾಟಕ ಭಾಗ್ಯಶಾಲಿ. ಆದರೆ ಒಣಕೋಣೆಗೆ ರಾತ್ರಿಯೂ ವಿದ್ಯುತ್ತು ಬೇಕು, ಸೂರ್ಯನಿಗೆ ರಾತ್ರಿ ಬಿಡುವು. ಬ್ಯಾಟರಿಯನ್ನು ಮಾಡುವುದಕ್ಕೂ ಬ್ಯಾಟರಿಯೇ ಬೇಕೆಂಬುದು ನಗುವ ಮಾತಾಗಿ ಕಂಡರೂ ನಿಜ.

ಮರಳಗಾಲದ ಅದಿರಿನ ಸುದ್ದಿ ಹರಡಿದುದು 2020ರ ಫೆಬ್ರವರಿಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ನಿವೃತ್ತ ಪ್ರಾಧ್ಯಾಪಕರೂ ಲಿಥಿಯಂ ಕೋಶಗಳಲ್ಲಿ ದೀರ್ಘಕಾಲ ಸಂಶೋಧನೆ ಮಾಡಿದವರೂ ಆದ ಎನ್. ಮುನಿಚಂದ್ರಯ್ಯನವರ ಅಂದಾಜಿನಲ್ಲಿ ಅಲ್ಲಿ 14,100 ಟನ್ನು ಲಿಥಿಯಂ ಇರಬಹುದೆಂದು ಪ್ರಕಟವಾಯಿತು. ಪರಮಾಣು ಖನಿಜ ನಿರ್ದೇಶನಾಲಯದ ಅನ್ವೇಷಣೆಯ ಮೇರೆಗೆ ಕೇಂದ್ರ ಸರ್ಕಾರ 2021ರಲ್ಲಿ ಸಂಸತ್ತಿಗೆ ತಿಳಿಸಿದ ಅಂಕಿ 1,600 ಟನ್ನು. ಅದೂ ಖಚಿತತೆಯ ಕೆಳದರ್ಜೆಯಾದ 'ಊಹಿತ' ವರ್ಗದಲ್ಲಿ. ಮುನಿಚಂದ್ರಯ್ಯನವರೇ ತಮ್ಮ ಅಂಕಿಯನ್ನು ಹೊರದೇಶಗಳ ನಿಕ್ಷೇಪಗಳೊಡನೆ ಹೋಲಿಸಿ ಇದು ಚಿಕ್ಕದೆಂದು ಎಚ್ಚರಿಸಿದ್ದರು. ಚಿಲಿ ದೇಶದ ನಿಕ್ಷೇಪ ಆಗ 86 ಲಕ್ಷ ಟನ್ನೆಂದು ಎಣಿಕೆಯಿತ್ತು. ಪತ್ರಿಕೆಗಳ ಶಿರೋನಾಮೆಗಳಲ್ಲಿ ಮಾತ್ರ ಆ ಎಚ್ಚರಿಕೆ ಉಳಿಯಲಿಲ್ಲ. ಒಂದು ಯೂನಿಟ್ಟಿನ ಕೋಶಕ್ಕೆ ಸ್ಥೂಲವಾಗಿ 100 ಗ್ರಾಮು ಲಿಥಿಯಂ ಬೇಕು; ಮೂರು ಯೂನಿಟ್ಟಿನ ಸ್ಕೂಟರಿನಲ್ಲಿ ಇರುವುದು 300 ಗ್ರಾಮು. ಈ ಲೆಕ್ಕದಲ್ಲಿ 1,600 ಟನ್ನಿನಷ್ಟೂ ಶುದ್ಧ ಲೋಹವೆಂದೇ ಹಿಡಿದು, ಒಂದು ಗ್ರಾಮೂ ನಷ್ಟವಾಗದೆ ಕೈಗೆ ಬಂದರೂ, ದೇವನಹಳ್ಳಿಯ ಕಾರ್ಖಾನೆಯನ್ನು ಹದಿನಾರು ತಿಂಗಳು ನಡೆಸುವುದಕ್ಕೆ ಸಾಲುತ್ತದೆ. ಅಲ್ಲಿಯ ಅದಿರು ಸ್ಪಾಡ್ಯುಮೀನ್ ಎಂಬ ಗಟ್ಟಿಕಲ್ಲು. ಅದನ್ನು 1,000 ಡಿಗ್ರಿಗೂ ಮೇಲೆ ಕಾಯಿಸಿ, ಗಂಧಕಾಮ್ಲದೊಡನೆ ಮತ್ತೆ ಸುಟ್ಟು, ನೀರಿನಲ್ಲಿ ತೊಳೆದರೆ ಲಿಥಿಯಂ ಬರುತ್ತದೆ. ಹಿಂದೆ ಉಳಿಯುವುದು ಪುಡಿಗಲ್ಲಿನ ಗುಡ್ಡೆ. ಉಪ್ಪುಕೆರೆಗಳಿಂದ ಬಿಸಿಲಿನಲ್ಲಿ ಇಂಗಿಸಿ ತೆಗೆಯುವುದಕ್ಕಿಂತ ಇದರ ಹೊಗೆ ಹೆಚ್ಚು. ಹದಿನಾರು ತಿಂಗಳ ಲಿಥಿಯಂಗಾಗಿ ಕಾವೇರಿಯ ದಡದ ತೋಟದ ನೆಲವನ್ನು ತೋಡಬೇಕೇ ಎಂಬ ಪ್ರಶ್ನೆಗೆ ನಮ್ಮ ಉತ್ತರ, ಬೇಡ ಎಂಬುದೇ.

ಅದಿರು ಅಲ್ಪವಾದರೆ ಹಳೆಯ ಬ್ಯಾಟರಿಯೇ ನಮ್ಮ ಗಣಿಯಾಗಬೇಕಾಗುತ್ತದೆ. ಇಲ್ಲಿ ಒಂದು ವಿಚಿತ್ರ ತೊಡಕಿದೆ. ಹಳೆಯ ಕೋಶಗಳನ್ನು ಬರಿದುಮಾಡಿ, ಅರೆದು, ಹಾಳೆಗಳನ್ನು ಬೇರ್ಪಡಿಸಿದರೆ ಒಂದು ಕಪ್ಪು ಪುಡಿ ಸಿಕ್ಕುತ್ತದೆ. ಅದರಿಂದ ಕೋಬಾಲ್ಟನ್ನೂ ನಿಕ್ಕಲನ್ನೂ ತೆಗೆದು ಮಾರುವವನಿಗೆ ಲಾಭವಿದೆ. ಕಬ್ಬಿಣದ ಫಾಸ್ಫೇಟಿನ ಕೋಶದಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲೂ ಇಲ್ಲ. ಗಣಿಯ ಕಡೆಯಿಂದ ನೋಡಿದರೆ ನಿರ್ದೋಷಿಯಾದ ಈ ಕೋಶ ಗುಜರಿಯ ಕಡೆಯಿಂದ ನೋಡಿದರೆ ನಿಷ್ಪ್ರಯೋಜಕ. ಲಿಥಿಯಂನ ಬೆಲೆ ಬಿದ್ದ ವರ್ಷಗಳಲ್ಲಂತೂ ಅದನ್ನು ಬಿಚ್ಚುವ ಕೂಲಿಯೂ ಹುಟ್ಟಲಾರದು. ಸೀಸಕ್ಕೆ ಬೆಲೆಯಿದ್ದುದರಿಂದ ಅದು ಹಿಂದಿರುಗಿ ವಿಷವಾಯಿತು. ಕಬ್ಬಿಣದ ಕೋಶಕ್ಕೆ ಬೆಲೆಯಿಲ್ಲದಿರುವುದರಿಂದ ಅದು ಹಿಂದಿರುಗದೆಯೇ ಉಳಿಯುವ ಭಯವಿದೆ. ಸೋಡಿಯಂ ಅಯಾನಿನ ಕೋಶಕ್ಕೂ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ವಿಜ್ಞಾನಿಗಳು ಆರು ನಿಮಿಷಗಳಲ್ಲಿ 80 ಭಾಗ ತುಂಬಿಕೊಳ್ಳುವ ಸೋಡಿಯಂ ಕೋಶವನ್ನು ಪ್ರಯೋಗಾಲಯದಲ್ಲಿ ಸಾಧಿಸಿರುವುದಾಗಿ 2025ರಲ್ಲಿ ಪ್ರಕಟವಾಯಿತು. ಉಪ್ಪಿನಿಂದ ಬರುವ ಸೋಡಿಯಂ ಅಗ್ಗವೆಂಬುದು ಅದರ ಗುಣ. ಅಗ್ಗದ ವಸ್ತುವನ್ನು ಕುಪ್ಪೆಯಿಂದ ಆರಿಸುವವರು ಯಾರು ಎಂಬುದು ಅದರೊಡನೆಯೇ ಹುಟ್ಟುವ ಪ್ರಶ್ನೆ.

ಇದಕ್ಕೆ ಕಾನೂನು ಕೊಟ್ಟ ಉತ್ತರ 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು. ಬ್ಯಾಟರಿಯನ್ನು ಮಾರುಕಟ್ಟೆಗೆ ಬಿಟ್ಟವನೇ ಅದರ ಅಂತ್ಯಕ್ರಿಯೆಗೂ ಹೊಣೆಯೆಂಬುದು ಇದರ ಸಾರ. ಹಳೆಯ ಬ್ಯಾಟರಿಯ ತೂಕದಲ್ಲಿ ಹಿಂದಕ್ಕೆ ತೆಗೆಯಬೇಕಾದ ವಸ್ತುವಿನ ಪ್ರಮಾಣವನ್ನು 2024-25ಕ್ಕೆ ನೂರಕ್ಕೆ 70, 2026-27ರಿಂದ ನೂರಕ್ಕೆ 90 ಎಂದು ವಿಧಿಸಲಾಗಿದೆ; ವಿದ್ಯುತ್ ವಾಹನದ ಹೊಸ ಬ್ಯಾಟರಿಯಲ್ಲಿ 2027-28ಕ್ಕೆ ನೂರಕ್ಕೆ 5ರಷ್ಟೂ 2030-31ಕ್ಕೆ ನೂರಕ್ಕೆ 20ರಷ್ಟೂ ಮರಳಿ ಪಡೆದ ವಸ್ತು ಇರತಕ್ಕದ್ದು. ತೂಕದ ಲೆಕ್ಕದಲ್ಲಿ ಒಂದು ಸಡಿಲವಿದೆಯೆಂದು ನಮಗೆ ತೋರುತ್ತದೆ. ಪೆಟ್ಟಿಗೆಯ ಉಕ್ಕು, ಅಲ್ಯುಮಿನಿಯಂ, ತಾಮ್ರಗಳನ್ನು ತೂಗಿ ತೋರಿಸಿದರೆ ಲೆಕ್ಕದ ದೊಡ್ಡ ಪಾಲು ಕೂಡಿಬರುತ್ತದೆ; ತೂಕದಲ್ಲಿ ಅತ್ಯಲ್ಪವಾದ ಲಿಥಿಯಂ ಮಾತ್ರ ಗಸಿಯೊಡನೆ ಹೋಗಿಬಿಡಬಹುದು. ಲೋಹಲೋಹಕ್ಕೂ ಬೇರೆ ಬೇರೆ ಪ್ರಮಾಣವನ್ನು ವಿಧಿಸಿದ ಯುರೋಪಿನ 2023ರ ನಿಯಮ ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. ಬೆಂಗಳೂರಿಗೆ ಈ ಕೆಲಸ ಹೊಸದಲ್ಲ. ಡಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ಸಂಸ್ಥೆ ದೇಶದಲ್ಲಿ ವಿದ್ಯುನ್ಮಾನ ತ್ಯಾಜ್ಯವನ್ನು ಕ್ರಮಬದ್ಧವಾಗಿ ಬಿಚ್ಚಿದವರಲ್ಲಿ ಮೊದಲನೆಯದು. ಬಲವಾದ ಆಮ್ಲಗಳಿಲ್ಲದೆ, ಕೋಶದಲ್ಲಿರುವ ಇಂಗಾಲದ ನೆರವಿನಿಂದಲೇ ಕಾಯಿಸಿ ಲೋಹಗಳನ್ನು ಬೇರ್ಪಡಿಸುವ ಮಾರ್ಗವನ್ನು ಮೆಟಾಸ್ಟೇಬಲ್ ಎಂಬ ಬೆಂಗಳೂರಿನ ತರುಣರ ಸಂಸ್ಥೆ ಕೈಗೊಂಡಿತು. ಆಮ್ಲವಿಲ್ಲದಿದ್ದರೆ ಉಪ್ಪುನೀರೂ ಇಲ್ಲ. ವೃಷಭಾವತಿಯ ಕೆಳಗಿನವರಿಗೆ ಈ ಒಂದು ಗುಣ ಉಳಿದೆಲ್ಲ ಗುಣಗಳಿಗಿಂತ ದೊಡ್ಡದು.

ಕೊನೆಯದಾಗಿ ಈ ಸೀಮೆಯ ಕಾಲೇಜುಗಳ ರಸಾಯನಶಾಸ್ತ್ರ ಮತ್ತು ಭೂವಿಜ್ಞಾನದ ಅಧ್ಯಾಪಕರಿಗೆ ಒಂದು ಕೆಲಸವನ್ನು ಸೂಚಿಸಬಹುದು. ರಾಮನಗರದ ಬೆಟ್ಟಗಳ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದಾದ ಗ್ರಾನೈಟು; ಊರಿನ ಹಳೆಯ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆ ಗ್ರಾನೈಟು ಎಂದೇ ಲೋಕವೆಲ್ಲ ಕರೆಯುತ್ತದೆ. ಗ್ರಾನೈಟಿನ ನೆಲದ ಅಂತರ್ಜಲದಲ್ಲಿ ಫ್ಲೂರೈಡು ಸಹಜವಾಗಿಯೇ ಇರುತ್ತದೆ. ಲಿಥಿಯಂ ಕೋಶದ ಅಂಟಿನಲ್ಲಿಯೂ ದ್ರವದಲ್ಲಿಯೂ ಇರುವುದು ಫ್ಲೂರಿನ್ನೇ. ನಾಳೆ ಕೋಶದ ಕಾರ್ಖಾನೆಯೋ, ಅದಕ್ಕಿಂತಲೂ ಹೆಚ್ಚಾಗಿ ಪರವಾನಗಿಯಿಲ್ಲದ ಬ್ಯಾಟರಿ ಒಡೆಯುವ ಶೆಡ್ಡೋ ಇಲ್ಲಿಗೆ ಬಂದು, ಹತ್ತು ವರ್ಷದ ಮೇಲೆ ಒಂದು ಹಳ್ಳಿಯ ಕೊಳವೆಬಾವಿಯಲ್ಲಿ ಫ್ಲೂರೈಡು ಮಿತಿಮೀರಿದರೆ, ಅದು ಕಲ್ಲಿನದೆಂದು ಒಂದು ಪಕ್ಷ ವಾದಿಸುತ್ತದೆ, ಕೋಶದ್ದೆಂದು ಇನ್ನೊಂದು ಪಕ್ಷ ವಾದಿಸುತ್ತದೆ. ಕೈಲಾಂಚ, ಬಿಡದಿ, ಕೂಟಗಲ್ ಮತ್ತು ಕಸಬಾ ಹೋಬಳಿಗಳ ಬಾವಿಗಳ ನೀರಿನಲ್ಲಿ ಫ್ಲೂರೈಡು, ಲಿಥಿಯಂ, ನಿಕ್ಕಲ್, ಕೋಬಾಲ್ಟು ಮತ್ತು ಸಲ್ಫೇಟುಗಳ ಪ್ರಮಾಣವನ್ನು ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರಿನ ಮೇಲೆ ಒಮ್ಮೆ ಅಳೆದು, ಬಾವಿಯ ಸ್ಥಳವನ್ನೂ ಆಳವನ್ನೂ ತಾರೀಖನ್ನೂ ಗುರುತಿಸಿ ಅಚ್ಚುಮಾಡಿಟ್ಟರೆ ಅಂತಹ ವಾದಕ್ಕೆ ಆಧಾರ ದೊರೆಯುತ್ತದೆ. ಬೈರಮಂಗಲದ ನೀರನ್ನು ಅದು ಕೆಟ್ಟ ಮೇಲೆಯೇ ಅಳೆಯತೊಡಗಿದರು. ಈ ಅಳತೆಗೆ ಬೇಕಾದ ಸಾಧನಗಳಲ್ಲಿ ಕೆಲವು ಪದವಿ ಕಾಲೇಜುಗಳಲ್ಲಿ ಈಗಾಗಲೇ ಇವೆ. ಲಿಥಿಯಂ ಮತ್ತು ಉಳಿದ ಲೋಹಗಳಿಗೆ ಬೆಂಗಳೂರಿನ ಪ್ರಯೋಗಾಲಯಗಳ ನೆರವನ್ನು ಪಡೆಯಬೇಕಾಗುತ್ತದೆ.